ಕೂಸು ಉಂಡಿದ್ದು ಯಾವ ಡಬ್ಬಿಯ ಹಿಟ್ಟು

ಸೀರೆ ಅಂಗಡಿಯಲ್ಲೂ ನಾನು ಅಷ್ಟು ಹೊತ್ತು ನಿಂತವಳಲ್ಲ. ಮದುವೆ ಸೀರೆಯನ್ನೇ ಅರ್ಧ ಗಂಟೆಯಲ್ಲಿ ಆರಿಸಿ ಎದ್ದು ಬಂದವಳು ಎಂದು ತವರಿನಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಅಂಥವಳು ಆ ಶನಿವಾರ ಕೆ.ಬಿ. ಬಡಾವಣೆಯ ಅಂಗಡಿಯೊಂದರಲ್ಲಿ, ಕೂಸುಗಳ ಆಹಾರ ಇಟ್ಟ ಕಪಾಟಿನ ಮುಂದೆ, ಒಂದೂವರೆ ಗಂಟೆ ನಿಂತಿದ್ದೆ. ನನ್ನ ಗಂಡ ಎರಡು ಸಲ ಹೊರಗೆ ಹೋಗಿ ಚಹಾ ಕುಡಿದು ಬಂದರು. ಮೂರನೇ ಸಲ ಹೊರಟಾಗ ನನಗೂ ಒಂದು ತರಲೇ ಎಂದು ಕೇಳಿದರು. ಬೇಡ ಎಂದೆ. ನನಗೆ ಆಗಲೇ ಏನೂ ಕುಡಿಯದೆ ನೆತ್ತಿಗೇರಿತ್ತು.

ಆ ಕಪಾಟು ನೋಡಿ ಹಿಗ್ಗಿ ಹೀರೇಕಾಯಿ ಆಗಿದ್ದೆ. ಅಕ್ಕಿಯದು, ಗೋಧಿಯದು, ರಾಗಿಯದು, ಬೇಳೆ ಸೇರಿಸಿದ್ದು, ಹಣ್ಣು ಸೇರಿಸಿದ್ದು. ಆರು ತಿಂಗಳಿಂದ ಕೊಡುವುದು, ಎಂಟು ತಿಂಗಳಿಂದ ಕೊಡುವುದು. ಬರೀ ಕಾಯಿಸಿ ಆರಿಸಿದ ನೀರಿಗೆ ಕಲಸುವುದು, ಒಲೆಯ ಮೇಲೆ ಬೇಯಿಸುವುದು. ಒಂದೊಂದನ್ನೂ ತೆಗೆದು ಹಿಂದೆ ತಿರುಗಿಸಿ ಓದಿದೆ. ಒಂದರಲ್ಲಿ ಸಕ್ಕರೆ ಪಟ್ಟಿಯ ಮೂರನೇ ಜಾಗದಲ್ಲೇ ಕೂತಿತ್ತು. ಅದನ್ನು ತಿರಸ್ಕಾರದಿಂದ ಹಿಂದಕ್ಕೆ ಇಟ್ಟೆ. ಇನ್ನೊಂದರ ಅಕ್ಷರ ಎಷ್ಟು ಸಣ್ಣದೆಂದರೆ ಅಂಗಡಿಯ ಯಜಮಾನರ ಕನ್ನಡಕ ಕೇಳಿ ಹಾಕಿಕೊಳ್ಳಬೇಕಾಯಿತು. ಅವರು ಬಿಳಿ ಗಡ್ಡದ ಸಾಬರು, ನಿಧಾನಸ್ಥರು. ಕನ್ನಡಕ ತೆಗೆದುಕೊಟ್ಟು ನಕ್ಕರು.

"ಮೇಡಮ್ಮಾರೆ, ಇಷ್ಟ್ ವರ್ಷ ಅಂಗಡಿ ನಡೆಸೀನಿ, ಹಿಂದ್ಗಡೆ ಓದಿ ಒಯ್ದೋರ್ನ ನೋಡಿಲ್ಲ. ಎಲ್ರೂ ಮುಂದಿನ್ ಫೋಟೋ ನೋಡ್ತಾರೆ. ಯಾವ್ ಕೂಸು ಜಾಸ್ತಿ ನಗ್ತೈತೋ ಆ ಡಬ್ಬ ತಗಂತಾರೆ."

"ನಾನು ಸೈನ್ಸ್ ಟೀಚರ್ ರೀ," ಎಂದೆ, ಅದೊಂದು ಪದವಿಯೋ ಎಂಬಂತೆ.

ಹೌದು, ನಾನು ವಿಜ್ಞಾನ ಹೇಳಿಕೊಡುವವಳು. ಮನೆ ದಾವಣಗೆರೆಯ ವಿನೋಬನಗರದಲ್ಲಿ, ಶಾಲೆ ಭಾನುವಳ್ಳಿ ಕಡೆ. ಬೆಳಿಗ್ಗೆ ಹರಿಹರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎಂಟಕ್ಕೆ ಮನೆ ಬಿಟ್ಟರೆ ವಾಪಸ್ಸು ಬರುವುದು ಸಂಜೆ ಐದೂವರೆಗೆ. ಹೆರಿಗೆ ರಜೆಗೆ ಇದ್ದಬದ್ದ ರಜೆಯನ್ನೆಲ್ಲ ಅಂಟಿಸಿಕೊಂಡು ದಸರಾವರೆಗೆ ಎಳೆದಿದ್ದೆ. ದಸರಾ ರಜೆ ಮುಗಿದ ಸೋಮವಾರ ಹಾಜರಾಗಲೇಬೇಕು. ಅದಕ್ಕೆ ಮೂರು ವಾರ ಉಳಿದಿತ್ತು. ಕೂಸಿಗೆ ಆರು ತಿಂಗಳು ತುಂಬಿತ್ತು. ನನ್ನ ಎದೆಹಾಲು ಬಿಟ್ಟರೆ ಈ ಲೋಕದಲ್ಲಿ ತಿನ್ನುವ ಪದಾರ್ಥ ಬೇರೆ ಇದೆ ಎಂಬುದನ್ನೇ ಅವಳು ಒಪ್ಪುತ್ತಿರಲಿಲ್ಲ. ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಬಾಯಿಗೆ ಹಾಕಿದರೆ ಕಟವಾಯಿಯಿಂದ ಕುತ್ತಿಗೆಗೆ ಸುರಿಸಿಬಿಡುತ್ತಿದ್ದಳು. ಬಾಟಲಿ ಕಂಡರೆ ಕೈಯಿಂದ ತಳ್ಳುತ್ತಿದ್ದಳು. ನಮ್ಮತ್ತೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಗಿರಣಿಗೆ ಹಾಕಿಸಿ, ಬಟ್ಟೆಯಲ್ಲಿ ಸೋಸಿ ಮಾಡಿದ ಸರಿಯನ್ನು ನಾನು ಒಂದು ಚಮಚ ಬಾಯಿಗಿಟ್ಟಾಗ ಫುರ್ರೆಂದು ನನ್ನ ಮುಖದ ಮೇಲೆ ಉಗಿದಿದ್ದಳು.

ಅವಳು ಆ ಸೋಮವಾರದೊಳಗೆ ಒಂದು ಬಟ್ಟಲು ಏನನ್ನಾದರೂ ತಿನ್ನುವುದನ್ನು ಕಲಿಯಬೇಕು. ಇಲ್ಲದಿದ್ದರೆ ಸಂಬಳವಿಲ್ಲದ ರಜೆ ಹಾಕಿ ನಾನು ಮನೆಯಲ್ಲೇ ಉಳಿಯಬೇಕು. ಕೂಸಿನ ಮೇಲೆ ನನಗೆ ಪ್ರಾಣ, ಅದು ಬೇರೆ ಮಾತು. ಆದರೆ ಶಾಲೆಯ ಮೇಲೂ ಪ್ರಾಣವೇ. ಇನ್ನೊಂದು ತಿಂಗಳು ಮನೆಯಲ್ಲಿ ಕೂತಿದ್ದರೆ ಅಡುಗೆಮನೆಯ ಗೋಡೆಗೆ ಪಾಠ ಶುರು ಮಾಡುತ್ತಿದ್ದೆ.

ಕೊನೆಗೆ ನಾಲ್ಕು ಆರಿಸಿದೆ: ರಾಗಿ, ಅಕ್ಕಿ, ಗೋಧಿ, ಅಕ್ಕಿಗೆ ಹೆಸರುಬೇಳೆ ಸೇರಿಸಿದ್ದು. ಒಂದರಲ್ಲೂ ಸಕ್ಕರೆ ಇಲ್ಲ. ರಾಗಿ ಒಂದನ್ನು ಬೇಯಿಸಬೇಕು, ಉಳಿದ ಮೂರಕ್ಕೆ ಬಿಸಿನೀರು ಸಾಕು. ಹೊಸದೊಂದು ಶುರು ಮಾಡಿದರೆ ಮೂರು ದಿನ ಅದನ್ನೇ ಕೊಟ್ಟು ನೋಡಿ ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ಸ್ಕೂಟರಿನ ಹಿಂದೆ ಕೂತು ಬರುವಾಗಲೇ ತಲೆಯೊಳಗೆ ತಖ್ತೆ ಗೀಚಿಕೊಂಡೆ: ದಿನ, ಹೊತ್ತು, ಯಾವ ಹಿಟ್ಟು, ಎಷ್ಟು ಚಮಚ, ನುಂಗಿದ್ದೆಷ್ಟು, ಉಗಿದಿದ್ದೆಷ್ಟು. ನನಗೆ ಹಾಡಬೇಕೆನಿಸುತ್ತಿತ್ತು.

ಮನೆಗೆ ಬಂದು ನಾಲ್ಕೂ ಪ್ಯಾಕೆಟ್ಟನ್ನು ಅಡುಗೆಕಟ್ಟೆಯ ಮೇಲಿಟ್ಟು ಕೂಸಿಗೆ ಹಾಲು ಕೊಡಲು ಒಳಗೆ ಹೋದೆ. ಅವಳ ಜೊತೆ ನನಗೂ ಜೊಂಪು ಹತ್ತಿತು. ಎದ್ದು ಬಂದು ನೋಡಿದರೆ ಪ್ಯಾಕೆಟ್ಟುಗಳಿಲ್ಲ. ಅಲ್ಲಿ ಒಂದೇ ಅಳತೆಯ ನಾಲ್ಕು ಸ್ಟೀಲ್ ಡಬ್ಬಿಗಳು ಫಳಫಳ ಹೊಳೆಯುತ್ತ ಸಾಲಾಗಿ ನಿಂತಿದ್ದವು.

ನಮ್ಮ ಕಡೆಯ ಮನೆಗಳಲ್ಲಿ ಇದನ್ನು ಯಾರೂ ತಪ್ಪೆನ್ನುವುದಿಲ್ಲ. ಅಂಗಡಿಯಿಂದ ಏನೇ ಬರಲಿ, ಮೊದಲು ಅದರ ಬಟ್ಟೆ ಬಿಚ್ಚಿ ಸ್ಟೀಲ್ ಡಬ್ಬಿಗೆ ಹಾಕಬೇಕು. ಸಕ್ಕರೆ, ಚಹಾಪುಡಿ, ರವೆ, ಬಿಸ್ಕತ್ತು, ಕೊನೆಗೆ ಬಟ್ಟೆ ಸೋಪಿನ ಪುಡಿ ಕೂಡ. ಡಬ್ಬಿಗಳೋ, ನಮ್ಮತ್ತೆಯ ಮದುವೆಯಲ್ಲೂ ಈ ಮನೆಯ ಗೃಹಪ್ರವೇಶದಲ್ಲೂ ಬಂದ ಉಡುಗೊರೆಗಳು. ಒಂದೊಂದರ ಮೈಮೇಲೂ ಕೊಟ್ಟವರ ಹೆಸರು ಕೆತ್ತಿದೆ.

"ಅತ್ತೆ, ಆ ಕವರ್‌ಗಳೆಲ್ಲಿ?" ಎಂದೆ.

"ಕಸದ ಗಾಡಿ ಬಂದಿತ್ತು, ಕೊಟ್ಟೆ. ಯಾಕವ್ವ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಒಪ್ಪಿಕೊಂಡುಬಿಡುತ್ತೇನೆ. "ಲೇಬಲ್ ಇಲ್ಲದ ಬಾಟ್ಲಿ ಮುಟ್ಟಬ್ಯಾಡ್ರಿ ಅಂತ ಲ್ಯಾಬ್‌ನಾಗೆ ಮಕ್ಕಳಿಗೆ ದಿನಾ ಬಡ್ಕಂತೀನಿ ನಾನು. ನಮ್ಮನೇಲೇ ಹಿಂಗಾದ್ರೆ ಹೆಂಗೆ? ಯಾವುದ್ರಾಗೆ ಏನೈತೆ ಅಂತ ಯಾರಿಗೆ ಗೊತ್ತಾಗ್ಬೇಕು?"

"ನಂಗೆ ಗೊತ್ತೈತೆ," ಎಂದರು ಅತ್ತೆ, ಒಂದಿಷ್ಟೂ ಕದಲದೆ. "ಪ್ಯಾಕೆಟ್‌ನಾಗೆ ಬಿಟ್ರೆ ಇರುವೆ ಮುತ್ತಂಗಿಲ್ಲೇನು? ಇದು ಮನೆ ಕಣವ್ವ, ಅಂಗಡಿ ಅಲ್ಲ."

ರಾಗಿಯನ್ನು ಬಣ್ಣದಿಂದಲೇ ಹಿಡಿದೆ. ಉಳಿದ ಮೂರೂ ಬಿಳಿ. ಬೆರಳು ಅದ್ದಿ ನಾಲಿಗೆಗೆ ಇಟ್ಟು, ಮೂಸಿ, ನೀರಿಗೆ ಕಲಸಿ, ಗಂಡನನ್ನೂ ಕರೆದು ಬಾಯಿ ತೆರೆಸಿ, ಅಂತೂ ಯಾವುದು ಯಾವುದೆಂದು ತೀರ್ಮಾನಕ್ಕೆ ಬಂದೆವು. ಆಮೇಲೆ ಕಾಗದದ ಚೀಟಿ ಬರೆದು ಡಬ್ಬಿಗಳಿಗೆ ಗೋಂದಿನಿಂದ ಅಂಟಿಸಿದೆ. ತಖ್ತೆಯನ್ನು ಕ್ಯಾಲೆಂಡರಿನ ಪಕ್ಕ ತೂಗುಹಾಕಿದೆ. ಅಳತೆಯ ಚಮಚ ಬೇರೆ, ಬಟ್ಟಲು ಬೇರೆ. ತಿನ್ನಿಸುವುದು ನಾನೇ, ಬೇರೆ ಯಾರೂ ಕೈಹಾಕುವ ಹಾಗಿಲ್ಲ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದು ಮನೆಗೆಲ್ಲ ಸಾರಿದೆ.

"ಉಣ್ಣೋ ಕೂಸಿಗೆ ಉಪ್ಪಿಲ್ಲ, ಬೆಲ್ಲ ಇಲ್ಲ, ಬೇಯ್ಸಂಗೂ ಇಲ್ಲ," ಎಂದು ಅತ್ತೆ ಗೊಣಗಿದರು. "ಹಸೀ ಹಿಟ್ಟು ಕಲಸಿ ಇಡಾದು ಗೋಡೆಗೆ ಪೋಸ್ಟರ್ ಹಚ್ಚಾಕೇನು?"

"ಅದು ಬೆಂದಿರೋದೇ ಅತ್ತೆ. ಫ್ಯಾಕ್ಟ್ರಿನಾಗೆ ಬೇಯ್ಸಿ ಒಣಗಿಸಿರ್ತಾರೆ."

"ನೀನು ಹೋಗಿ ನೋಡಿ ಬಂದಿದ್ದೇನು?"

ಮೊದಲ ಮೂರು ದಿನ ಅಕ್ಕಿ. ನಾನು ಟವೆಲ್ಲು ಕಟ್ಟಿ, ಎದುರಿಗೆ ಕೂತು, ನಾನೂ ಬಾಯಿ ಆ ಮಾಡಿ, ಚಮಚ ಮುಂದೊಡ್ಡಿದರೆ ಅವಳು ತುಟಿ ಬಿಗಿಹಿಡಿದು ನನ್ನ ರವಿಕೆಯ ಗುಂಡಿಗೆ ಕೈ ಹಾಕುತ್ತಿದ್ದಳು. ನಾಲಿಗೆಗೆ ತಾಗಿಸಿದ್ದನ್ನು ಅಷ್ಟೇ ಅಚ್ಚುಕಟ್ಟಾಗಿ ಹೊರಗೆ ತಳ್ಳುತ್ತಿದ್ದಳು. ಸರಿ, ಗೋಧಿ. ಅದೂ ಹಾಗೆಯೇ, ಬೇಯಿಸಿಕೊಟ್ಟ ರಾಗಿಯೂ ಹಾಗೆಯೇ. ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ಎದೆಹಾಲಿನಲ್ಲೇ ಕಲಸಿದೆ. ಸ್ಟೀಲ್ ಚಮಚ ತಣ್ಣಗೆ ಹತ್ತುತ್ತದೇನೋ ಎಂದು ರಬ್ಬರಿನದು ತಂದೆ. ಬೆಳಿಗ್ಗೆಯದನ್ನು ಮಧ್ಯಾಹ್ನ ಮಾಡಿದೆ. ನನಗೆ ಬೇಸರ ಬರಲಿಲ್ಲ. ಪ್ರತಿ ಸಲ ಬಟ್ಟಲು ಹಿಡಿದು ಕೂರುವಾಗಲೂ ಇದೇ ಇದೇ ಎಂದುಕೊಳ್ಳುತ್ತಿದ್ದೆ. ಹೆಸರುಬೇಳೆಯ ಎರಡನೇ ದಿನ ಅರ್ಧ ಚಮಚ ಒಳಗೆ ಹೋಯಿತೆಂದು ತಮ್ಮ ಅಂಗಡಿಯಲ್ಲಿ ವ್ಯಾಪಾರಕ್ಕೆ ಕೂತಿದ್ದ ಗಂಡನಿಗೆ ಫೋನು ಮಾಡಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅದು ಹೊರಗೆ ಬಂತು.

ಉಳಿದಿದ್ದನ್ನು ಚೆಲ್ಲಬಾರದೆಂದು ಗಂಡ ಬೆಲ್ಲ ಹಾಕಿಕೊಂಡು ತಿನ್ನುತ್ತಿದ್ದರು. ಎರಡನೇ ಸುತ್ತು ಮುಗಿಯುತ್ತ ಬರುವ ಹೊತ್ತಿಗೆ ಕೂಸಿನ ತೂಕ ಇದ್ದಷ್ಟೇ ಇತ್ತು, ಅವರ ಹೊಟ್ಟೆ ಮುಂದೆ ಬಂದಿತ್ತು. ತಖ್ತೆಯ ತುಂಬ ತಪ್ಪು ಗುರುತು. ಡಬ್ಬಿಗಳಲ್ಲಿ ಹಿಟ್ಟು ತಳ ಕಂಡಿತ್ತು. ಸೋಮವಾರಕ್ಕೆ ಎರಡೇ ದಿನ ಬಾಕಿ.

ಆ ಶನಿವಾರ ನಾನು ಹರಿಹರಕ್ಕೆ ಹೋಗಲೇಬೇಕಿತ್ತು, ಶಿಕ್ಷಣ ಇಲಾಖೆಯ ಕಚೇರಿಗೆ ಸೋಮವಾರ ಹಾಜರಾಗುತ್ತೇನೆಂಬ ಪತ್ರ ಕೊಡಲು. ಒಂಬತ್ತು ಗಂಟೆಗೆ ಎದೆ ತುಂಬ ಹಾಲು ಕುಡಿಸಿ ಹೊರಟೆ. ಕೂಸು ಹುಟ್ಟಿದ ಮೇಲೆ ಅವಳನ್ನು ಬಿಟ್ಟು ಅಷ್ಟು ದೂರ ಹೋದದ್ದು ಅದೇ ಮೊದಲು. ಪತ್ರದ ಜೊತೆ ಇನ್ನೊಂದು ಪತ್ರವನ್ನೂ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ, ರಜೆ ಮುಂದುವರಿಸಬೇಕೆಂದು. ಬಸ್ಸಿನಲ್ಲಿ ಯಾವುದನ್ನು ಕೊಡಲಿ ಎಂದು ಹೊಯ್ದಾಡಿ, ಕೊನೆಗೆ ಹುಂಬತನದಿಂದ ಹಾಜರಾಗುವ ಪತ್ರವನ್ನೇ ಕೊಟ್ಟು ಬಂದೆ. ಹಿಂತಿರುಗುವ ಬಸ್ಸು ಸಿಕ್ಕುವ ಹೊತ್ತಿಗೆ ಒಂದೂವರೆ ದಾಟಿತ್ತು. ಎದೆ ಕಲ್ಲಾಗಿತ್ತು. ಸೆರಗು ಒದ್ದೆಯಾಗದಂತೆ ಫೈಲನ್ನು ಅವಚಿಕೊಂಡು ಕೂತಿದ್ದೆ. ಮನೆಯಲ್ಲಿ ಅವಳು ಅತ್ತೂ ಅತ್ತೂ ನೀಲಿಯಾಗಿರುತ್ತಾಳೆ ಎಂದುಕೊಂಡೇ ಬಾಗಿಲು ತೆರೆದೆ.

ಕೂಸು ಅತ್ತೆಯ ಸೀರೆಯ ಜೋಲಿಯಲ್ಲಿ ಹಾಯಾಗಿ ಮಲಗಿತ್ತು. ಗಲ್ಲದ ಮೇಲೆ ಬಿಳಿ ಹಿಟ್ಟು ಒಣಗಿತ್ತು.

"ಉಂಡ್ಲು," ಎಂದರು ಅತ್ತೆ.

"ಏನು?"

"ಏನು ಅಂದ್ರೆ. ಒಂದು ಬಟ್ಲು. ಬಟ್ಲು ನೆಕ್ಕಿದ್ಲು."

ನಾನು ಫೈಲನ್ನು ಅಲ್ಲೇ ಬಿಟ್ಟು ಅತ್ತೆಯ ಎರಡೂ ಕೈ ಹಿಡಿದುಕೊಂಡೆ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಯಾವುದು, ಯಾವುದು ತಿಂದಳು, ಅದನ್ನು ಹೇಳಿ ಮೊದಲು ಎಂದೆ.

"ಬಿಳೇದು," ಎಂದರು.

"ಬಿಳೇದು ಮೂರು ಐತೆ ಅತ್ತೆ."

"ನಮ್ಮಣ್ಣನ ಡಬ್ಬಿದು."

ಅಡುಗೆಮನೆಗೆ ಓಡಿದೆ. ನಾಲ್ಕೂ ಡಬ್ಬಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿತ್ತು. ಬೂದಿ ಹಾಕಿ ಉಜ್ಜಿದ್ದರಿಂದ ಚೀಟಿಗಳು ಹೋಗಿ, ಗೋಂದಿನ ಗುರುತು ಕೂಡ ಉಳಿದಿರಲಿಲ್ಲ. ತಳದಲ್ಲಿ ಉಳಿದಿದ್ದ ಹಿಟ್ಟನ್ನೆಲ್ಲ ನನ್ನ ಗಂಡ ಚೀಟಿ ಕೂಡ ನೋಡದೆ ಬೆಳಗಿನ ಹಾಲಿಗೆ ಹಾಕಿಕೊಂಡು ಕುಡಿದು ಅಂಗಡಿಗೆ ಹೋಗಿದ್ದರಂತೆ, ಅಣ್ಣನ ಡಬ್ಬಿಯೊಂದನ್ನು ಬಿಟ್ಟು. ಅದರಲ್ಲಿದ್ದದ್ದು ಕೂಸಿನ ಹೊಟ್ಟೆ ಸೇರಿತ್ತು. ಅತ್ತೆಯ ಅಣ್ಣನ ಹೆಸರು ಕೆತ್ತಿದ ಡಬ್ಬಿಯನ್ನು ಎತ್ತಿ ಹಿಡಿದು ನೋಡಿದೆ. ಅದರಲ್ಲಿ ಅಕ್ಕಿಯಿತ್ತೋ, ಗೋಧಿಯೋ, ಬೇಳೆಯೋ? ಎಷ್ಟು ನೆನೆದರೂ ಹೊಳೆಯಲಿಲ್ಲ. ಮೂರು ವಾರ ನಾನು ಚೀಟಿ ನೋಡಿದ್ದೆನೇ ಹೊರತು ಡಬ್ಬಿಯ ಹೆಸರು ನೋಡಿರಲಿಲ್ಲ. ಅತ್ತೆ ಹೆಸರು ನೋಡಿದ್ದರೇ ಹೊರತು ಚೀಟಿ ನೋಡಿರಲಿಲ್ಲ.

"ಚೀಟಿ ಯಾಕ ತೆಗೆದ್ರಿ ಅತ್ತೆ?"

"ಹಬ್ಬದ ಮನೆನಾಗೆ ಡಬ್ಬಿಗೆ ಕಾಗದ ಹಚ್ಕಂಡು ಇರ್ತಾರೇನು? ನೋಡಿದೋರು ಏನಂದಾರು, ನಮ್ಮಣ್ಣನ ಹೆಸ್ರು ಮುಚ್ಯಾರೆ ಅಂತ."

ಬಯ್ಯಬೇಕೆನಿಸಿತು, ಆದರೆ ಖುಷಿಗೆ ಬೈಗುಳ ಬಾಯಿಗೆ ಬರಲಿಲ್ಲ. ತಿಂದಿದ್ದಾಳೆ, ಅದು ನಿಜ. ಮೂರರಲ್ಲಿ ಒಂದು. ಹುಡುಕಿದರಾಯಿತು.

ಭಾನುವಾರ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ನಾವು ಮೆಟ್ಟಿಲ ಮೇಲಿದ್ದೆವು. ಯಜಮಾನರು ನನ್ನನ್ನು ಕಂಡವರೇ ಕನ್ನಡಕ ತೆಗೆಯಲು ಹೋದರು. ಬೇಡ, ಹಿಂದಿನ ಸಲದ್ದೇ ಮೂರು ಬಿಳಿ ಹಿಟ್ಟು ಬೇಕು, ಒಂದೊಂದು ಪ್ಯಾಕೆಟ್ಟು ಎಂದೆ.

"ಕೂಸು ಯಾವ್ದು ತಿಂತಾಳ್ರಿ?"

"ಅದೇ ಗೊತ್ತಿಲ್ರಿ. ಇವತ್ತು ಗೊತ್ತಾಗ್ತೈತೆ."

ಅವರು "ಅಲ್ಲಾಹು ಒಳ್ಳೇದು ಮಾಡ್ಲಿ," ಎಂದು ಮೂರನ್ನೂ ಚೀಲಕ್ಕೆ ಹಾಕಿಕೊಟ್ಟರು.

ಈ ಸಲ ಪ್ಯಾಕೆಟ್ಟುಗಳನ್ನು ನಡುಮನೆಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಇವುಗಳ ಮೈ ಮುಟ್ಟಿದರೆ ನೋಡಿ ಅತ್ತೆ ಎಂದು ಕೈಮುಗಿದೆ. ಅವರು ನಕ್ಕರು. ಹನ್ನೊಂದು ಗಂಟೆಗೆ ಅಕ್ಕಿ ಕಲಸಿದೆ. ಕೂಸು ಮುಖ ತಿರುಗಿಸಿತು. ಓಹೋ, ಹಾಗಾದರೆ ಇದಲ್ಲ. ಎರಡು ಗಂಟೆಗೆ ಗೋಧಿ. ತುಟಿ ಬಿಗಿಯಿತು. ನನ್ನ ಹಿಗ್ಗು ಹೇಳತೀರದು. ಉಳಿದದ್ದು ಹೆಸರುಬೇಳೆ ಒಂದೇ, ಹಾಗಾದರೆ ಅದೇ, ಸಂಶಯವೇ ಇಲ್ಲ. ನಾಲ್ಕು ಗಂಟೆಗೆ ಅದನ್ನು ಹದವಾಗಿ ಕಲಸಿ, ಗಂಡನನ್ನೂ ಕೂರಿಸಿಕೊಂಡು, ಚಮಚ ತುಂಬಿ ಮುಂದೆ ಹಿಡಿದೆ. ಅವಳು ಬಟ್ಟಲೊಳಗೆ ಅಂಗೈ ಅದ್ದಿ ನನ್ನ ಕೆನ್ನೆಗೆ ಫಟ್ಟೆಂದು ಬಡಿದು, ಸೆರಗಿಗೆ ಬಾಯಿ ಹಾಕಿ ಅಳತೊಡಗಿದಳು.

ನಾನೂ ಅತ್ತುಬಿಟ್ಟೆ. ಅಲ್ಲೇ ನೆಲದ ಮೇಲೆ ಕೂತು, ಕೆನ್ನೆಯ ಹಿಟ್ಟು ಒರೆಸಿಕೊಳ್ಳದೆ ಬಿಕ್ಕಿದೆ. ನಾಳೆ ಹಾಜರಾಗುತ್ತೇನೆಂದು ಬರೆದುಕೊಟ್ಟು ಬಂದಿದ್ದೆ.

ನಮ್ಮತ್ತೆ ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡರು. "ಏಳವ್ವ. ಹೋಗಿ ಮಕ ತೊಳ್ಕಾ. ಹಂಗೇ ಮಾಳಿಗೆ ಮ್ಯಾಲಿನ ಬಟ್ಟಿ ತಗಂಡ್ ಬಾ, ಇಬ್ಬನಿ ಬೀಳ್ತೈತೆ."

ಬಿಸಿಲು ಇನ್ನೂ ಸುಡುತ್ತಿತ್ತು, ಎಲ್ಲಿಯ ಇಬ್ಬನಿ. ಆದರೂ ಹೋದೆ. ಮುಖ ತೊಳೆದು, ಮಾಳಿಗೆಯಲ್ಲಿ ಒಂದೊಂದೇ ಕ್ಲಿಪ್ಪು ತೆಗೆದು ಕೂಸಿನ ಬಟ್ಟೆಗಳನ್ನು ಹೆಗಲಿಗೆ ಹಾಕಿಕೊಂಡೆ. ಕೆಳಗಿನಿಂದ ಅಳು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ನಿದ್ದೆ ಹತ್ತಿರಬೇಕೆಂದು ಸದ್ದಾಗದ ಹಾಗೆ ಮೆಟ್ಟಿಲಿಳಿದು ಬಂದೆ. ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿತ್ತು.

ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಒರಗಿಸಿಕೊಂಡಿದ್ದರು. ಪಕ್ಕದಲ್ಲಿ ನಾನು ಬಿಟ್ಟುಹೋದ ಹೆಸರುಬೇಳೆಯ ಬಟ್ಟಲು.

"ಹರಿಹರದ ಬಸ್ಸು ಬಂತವ್ವ, ಹರಿಹರದ ಬಸ್ಸು. ಬಾಗ್ಲು ತೆಗಿ, ಬಾಗ್ಲು ತೆಗಿ."

ಚಮಚ ಹತ್ತಿರ ಬರುವ ಮೊದಲೇ ಅವಳ ಬಾಯಿ ತೆರೆದಿತ್ತು. ನುಂಗಿದಳು. ಕಾಲು ಬಡಿದು ಇನ್ನೊಂದಕ್ಕೆ ಬಾಯಿ ಬಿಟ್ಟಳು. ಬಟ್ಟಲು ಬರಿದಾಯಿತು. ಅತ್ತೆ ಗೋಧಿ, ಅಕ್ಕಿಯ ಪ್ಯಾಕೆಟ್ಟುಗಳನ್ನೂ ಮೇಜಿನಿಂದ ತಂದಿಟ್ಟುಕೊಂಡಿದ್ದರು. ಫ್ಲಾಸ್ಕಿನ ನೀರು ಬಗ್ಗಿಸಿ ಗೋಧಿಯದನ್ನು ಎರಡು ಚಮಚ ಕಲಸಿದರು. ಅದನ್ನೂ ತಿಂದಳು. ಆಮೇಲೆ ಅಕ್ಕಿಯದು. ಅದಕ್ಕೂ ಬಾಯಿ ತೆರೆದಳು.

ಕೂಗಬಾರದೆಂದು ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡೆ. ನಾಳೆ ಹೋಗಬಹುದು. ನಾಳೆ ನಾನು ಶಾಲೆಗೆ ಹೋಗಬಹುದು. ಕುಣಿಯಬೇಕೆನಿಸಿತು, ಗಂಡನನ್ನು ಕರೆಯಬೇಕೆನಿಸಿತು. ಆಗ ತಿಳಿಯಿತು. ಮೂರು ವಾರ ಹಿಟ್ಟು ಬದಲಿಸಿದ್ದೆ, ನೀರು, ಚಮಚ, ಹೊತ್ತು ಎಲ್ಲ ಬದಲಿಸಿದ್ದೆ. ಪ್ರತಿ ಸಲವೂ ಎದುರಿಗೆ ಕೂತದ್ದು ಮಾತ್ರ ನಾನೇ. ಹಾಲಿನ ವಾಸನೆಯ ಅಮ್ಮ ಎದುರಿಗಿದ್ದರೆ ಹಿಟ್ಟಿಗೆ ಯಾರು ಬಾಯಿ ತೆರೆಯುತ್ತಾರೆ? ಅವಳಿಗೆ ಅಕ್ಕಿ, ಗೋಧಿ, ಬೇಳೆ ಎಲ್ಲವೂ ಸೈ. ನಾನು ಅಲ್ಲಿರಬಾರದು, ಅಷ್ಟೇ. ಅವಳು ನಾನಿಲ್ಲದೆ ಇರಬಲ್ಲಳು ಎಂಬುದನ್ನೇ ಮೂರು ವಾರದಿಂದ ಬಯಸಿದ್ದೆ. ಈಗ ಅದನ್ನು ಕಣ್ಣಾರೆ ನೋಡುವುದು ಕಷ್ಟವಾಯಿತು. ಒಳಗೆ ಹೋಗಿ ಎತ್ತಿಕೊಂಡು ಮುದ್ದಾಡಬೇಕೆಂದು ಬಾಗಿಲಿಗೆ ಕೈಹಾಕಿದೆ.

ಅತ್ತೆ ತಿರುಗಿ ಕೂಡ ನೋಡಲಿಲ್ಲ.

"ಅಲ್ಲೇ ನಿಂದ್ರವ್ವ," ಎಂದರು, ಕೂಸಿಗೆ ಹೇಳಿದಷ್ಟೇ ಮೆತ್ತಗೆ. "ನೀನು ಕಂಡ್ರೆ ಬಿಟ್‌ಬಿಡ್ತಾಳೆ. ಇನ್ನೆರಡು ಚಮಚ ಐತೆ."

ಆ ಎರಡು ಚಮಚ ಮುಗಿಯುವವರೆಗೂ ನಾನು ಬಾಗಿಲ ಹಿಂದೆ ಸದ್ದಿಲ್ಲದೆ ನಿಂತಿದ್ದೆ.